ಬೊಮ್ಮಯ್ಯ ತೊಳೆದ ಕಲ್ಲು

ಕಡಲ ದಂಡೆಯ ಒಂದು ಆಶ್ರಮದಲ್ಲಿ ನಾಗವೇಣಿಯಕ್ಕ ಎಂಬ ಗುರು ಇದ್ದರು. ಶಿಷ್ಯರು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಶಿಷ್ಯರಲ್ಲಿ ಬೊಮ್ಮಯ್ಯ ಎಂಬವನಿದ್ದ. ಇಪ್ಪತ್ತೆರಡು ವರ್ಷ ತಪಾಸಣೆ ನಾಕೆಯಲ್ಲಿ ನಿಂತು, ಕಳ್ಳಮಾಲು ಹುಡುಕಲು ಲಾರಿಗಳ ಹೊಟ್ಟೆಗೆ ಕಬ್ಬಿಣದ ಸರಳು ಚುಚ್ಚಿ ನೋಡಿದವನು. ನೌಕರಿ ಬಿಟ್ಟಿದ್ದ. ಚುಚ್ಚುವುದನ್ನು ಬಿಟ್ಟಿರಲಿಲ್ಲ.

ದಿನಾ ಬೆಳಿಗ್ಗೆ ಬಂದು ಅಕ್ಕನಿಗೆ ಒಂದೊಂದು ವರದಿ ಒಪ್ಪಿಸುತ್ತಿದ್ದ. ಒಬ್ಬ ಧ್ಯಾನಕ್ಕೆ ಕೂತು ತೂಕಡಿಸುತ್ತಾನೆ. ಇನ್ನೊಬ್ಬ ಅಡುಗೆಮನೆಯ ಬೆಲ್ಲ ಮುಕ್ಕುತ್ತಾನೆ. ಮಂಕಾಳಿ ಎಂಬ ಶಿಷ್ಯನಂತೂ ಹಿಂದೆ ಕಂಡವರ ಬಲೆಯಿಂದ ಮೀನು ಕದ್ದವನು.

“ಅದನ್ನು ಅವನೇ ಎಲ್ಲರಿಗೂ ಹೇಳಿದ್ದಾನಲ್ಲ,” ಎಂದರು ಅಕ್ಕ.

“ಹೇಳಿದ್ದು ಇಷ್ಟು. ಹೇಳದೇ ಇದ್ದದ್ದು ಎಷ್ಟಿದೆಯೋ!”

ಆರು ವರ್ಷದಿಂದ ಬೊಮ್ಮಯ್ಯ ಉಪದೇಶಕ್ಕೆ ಕಾಯುತ್ತಿದ್ದ. ಗುರು ಕಿವಿಯಲ್ಲಿ ಹೇಳುವ ಆ ಒಂದು ಮಾತು ಸಿಕ್ಕರೆ ಜನ್ಮ ಸಾರ್ಥಕ ಎಂದು ನಂಬಿದ್ದ. ಅವನು ಅನುಮಾನವಿಲ್ಲದೆ ನಂಬಿದ್ದು ಅದೊಂದನ್ನೇ.

ಒಂದು ದಿನ ಮಂಕಾಳಿ ಕಡಲಿನಿಂದ ಹಲಸಿನಹಣ್ಣಿನಷ್ಟು ದೊಡ್ಡ ಕಲ್ಲೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ. ಸುಣ್ಣ, ಚಿಪ್ಪಿ, ಮರಳು ಕಲಸಿ ಅವನೇ ಮಾಡಿದ ಕಲ್ಲು. ಎರಡು ಮಳೆಗಾಲ ಕಡಲಲ್ಲಿ ಮುಳುಗಿಸಿಟ್ಟಿದ್ದ. ಈಗ ಅದರ ಮೈತುಂಬ ತೂತು, ಪಾಚಿ, ಏನೇನೋ ಜೀವ.

ದಂಡೆಯ ತನಕ ನಡೆಯಲಾಗದವರೂ ಕಡಲು ನೋಡಲಿ ಎಂದು ಅಕ್ಕ ಆಶ್ರಮದಲ್ಲಿ ಒಂದು ಗಾಜಿನ ತೊಟ್ಟಿ ಇಡಿಸಿದ್ದರು. ಹಿಂದಿನ ಸಲ ಬರೀ ಮರಳು, ಉಪ್ಪುನೀರು ಹಾಕಿ ಬಿಟ್ಟ ಮೀನು ವಾರದೊಳಗೆ ಸತ್ತಿದ್ದವು.

“ಮೀನು ಬದುಕಬೇಕಾದ್ರೆ ಅದರ ಹೊಲಸು ತಿನ್ನುವವರು ಬೇಕು,” ಎಂದರು ಅಕ್ಕ. “ಅವರು ಈ ಕಲ್ಲಿನಲ್ಲಿ ಇದ್ದಾರೆ, ಕಣ್ಣಿಗೆ ಕಾಣೂದಿಲ್ಲ. ಆದರೆ ದಾರಿಯಲ್ಲಿ ಒಂದಷ್ಟು ಸತ್ತಿರ್ತವೆ. ಸತ್ತದ್ದು ಕೊಳೆತು ನೀರು ಕೆಡಿಸ್ತದೆ. ಬೊಮ್ಮಯ್ಯ, ಕಲ್ಲನ್ನು ನೀನು ಹದ ಮಾಡು. ಸತ್ತದ್ದನ್ನು ಉಜ್ಜಿ ತೆಗೆ. ಬದುಕಿದ್ದನ್ನು ಬಿಡು. ಉಪ್ಪುನೀರಿನ ಡ್ರಮ್ಮಿನಲ್ಲಿ, ನೆರಳಲ್ಲಿ ಇಡು. ನೀರು ಆಡ್ತಾ ಇರಲಿ. ಕೆಟ್ಟರೆ ಬದಲಿಸು.”

“ಎಷ್ಟು ದಿನ, ಅಕ್ಕ?”

“ಹದ ಆಯ್ತು ಅಂತ ನಿನ್ನ ಬಾಯಲ್ಲೇ ಬರೂವರೆಗೆ. ಆ ದಿನ ಉಪದೇಶ.”

ಬೊಮ್ಮಯ್ಯ ಸಂತೋಷದಿಂದ ಕಲ್ಲನ್ನು ಎತ್ತಿಕೊಂಡ. ಅದರ ಬೆನ್ನಿಗೇ ಅನುಮಾನ ಬಂತು. ಇಷ್ಟು ಸುಲಭದ ಕೆಲಸವೇ? ಇದರಲ್ಲೇನೋ ಇದೆ.

ಹಲ್ಲುಜ್ಜುವ ಹಳೆ ಬ್ರಷ್ಷು ಹಿಡಿದು ಕೂತ. ಕಪ್ಪಾದದ್ದು, ಲೋಳೆಯಾದದ್ದು ಎಲ್ಲವನ್ನೂ ಉಜ್ಜಿ ತೆಗೆದು ಕಲ್ಲನ್ನು ಡ್ರಮ್ಮಿಗೆ ಇಳಿಸಿದ.

ಮೂರನೇ ದಿನ ಡ್ರಮ್ಮಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಮಂಕಾಳಿ ಅಲ್ಲೇ ಕೂತು ನೀರಿನಲ್ಲಿ ಕೈಯಾಡಿಸುತ್ತಿದ್ದ.

“ಎಂತ ಹಾಕಿದೆ ನೀರಿಗೆ?”

“ಎಂತದೂ ಇಲ್ಲ ಮಾರಾಯ. ನೀರು ಆಡ್ಲಿ ಅಂತ.”

“ಕೈ ತೋರ್ಸು.”

ಮಂಕಾಳಿ ತೋರಿಸಿದ. ಒದ್ದೆ ಕೈ, ಅಷ್ಟೆ. ಬೊಮ್ಮಯ್ಯ ಮೂಸಿಯೂ ನೋಡಿದ.

ಅವತ್ತೇ ಡ್ರಮ್ಮಿಗೆ ಮುಚ್ಚಳ ಹಾಕಿ, ಸರಪಳಿ ಸುತ್ತಿ, ಬೀಗ ಜಡಿದ. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಎರಡು ದಿನ ಬಿಟ್ಟು ಬೀಗ ತೆಗೆದಾಗ ಆಶ್ರಮದವರೆಲ್ಲ ಮೂಗು ಮುಚ್ಚಿಕೊಂಡು ದಂಡೆಗೆ ಓಡಿದರು.

“ನೋಡಿ ಅಕ್ಕ, ಬೀಗ ಹಾಕಿದ್ರೂ ಯಾರೋ ಕೈಯಾಡಿಸಿದ್ದಾರೆ!”

“ಯಾರೂ ಕೈಯಾಡಿಸ್ಲಿಲ್ಲ,” ಎಂದರು ಅಕ್ಕ. “ಅದಕ್ಕೇ ಈ ನಾತ.”

ಬೊಮ್ಮಯ್ಯ ಒಲ್ಲದ ಮನಸ್ಸಿನಿಂದ ಸರಪಳಿ ಬಿಚ್ಚಿದ. ನೀರು ಬದಲಿಸಿದ. ಮಂಕಾಳಿ ದಿನಾ ಬಂದು ಕೈಯಾಡಿಸುವಾಗ ಪಕ್ಕದಲ್ಲೇ ನಿಂತು ಅವನ ಹತ್ತು ಬೆರಳನ್ನೂ ಕಾದ.

ವಾರ ವಾರಕ್ಕೂ ವಾಸನೆ ಇಳಿಯುತ್ತ ಬಂತು. ಐದನೇ ವಾರ ಮೂಗು ಹತ್ತಿರ ಒಯ್ದರೆ ಬರೀ ಕಡಲಿನ ವಾಸನೆ. ಕಲ್ಲಿನ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣ ಮೂಡಿತ್ತು.

“ಹದ ಆಯ್ತಲ್ಲ,” ಎಂದ ಮಂಕಾಳಿ. “ಅಕ್ಕಂಗೆ ಹೇಳು.”

ಇವನಿಗೆ ಯಾಕೆ ಇಷ್ಟು ಅವಸರ, ಎಂದುಕೊಂಡ ಬೊಮ್ಮಯ್ಯ.

ಆಗ ಕಲ್ಲಿನೊಳಗಿಂದ ಸದ್ದು ಬಂತು. ಟಕ್.

“ಅದೆಂತದು?”

“ಸಣ್ಣ ಶೆಟ್ಲಿ ಇರ್ಬೇಕು. ಅದು ಹಾಗೇ ಚಿಟಿಕೆ ಹೊಡೀತದೆ.”

ಸಿಗಡಿ ಎಂದ ಮಾತ್ರಕ್ಕೆ ಬೊಮ್ಮಯ್ಯ ನಂಬಬೇಕಲ್ಲ! ಮೂರು ಮಧ್ಯಾಹ್ನ ಡ್ರಮ್ಮಿಗೆ ಕಿವಿಯಿಟ್ಟು ಕೂತ. ಟಾರ್ಚು ಹಾಕಿದರೆ ಸದ್ದಿಲ್ಲ. ತಂತಿ ಚುಚ್ಚಿದರೆ ಸದ್ದಿಲ್ಲ. ಊಟಕ್ಕೆಂದು ಎದ್ದರೆ, ಟಕ್.

ಅಕ್ಕನ ಹತ್ತಿರ ಹೋದ.

“ಒಳಗೆ ಯಾರೋ ಅಡಗಿದ್ದಾರೆ, ಅಕ್ಕ.”

“ಇರ್ಲಿ.”

“ಮೀನು ತಿನ್ನುವಂಥದ್ದಾದ್ರೆ?”

“ತಿಂದದ್ದು ಕಂಡೆಯಾ?”

“ಕಾಣದ ಹಾಗೆ ತಿನ್ನುವವರೇ ಹೆಚ್ಚು.”

“ಸತ್ತದ್ದನ್ನು ತೆಗೆದೆಯಾ?”

“ತೆಗೆದೆ.”

“ನಾತ ಇದೆಯಾ?”

“ಇಲ್ಲ.”

“ಮತ್ತೆ?”

“ಮತ್ತೆ ಅನುಮಾನ ಇದೆಯಲ್ಲ, ಅಕ್ಕ!”

ಅಕ್ಕ ಎದ್ದು ತಮ್ಮ ಕೆಲಸಕ್ಕೆ ಹೋದರು.

ಬೊಮ್ಮಯ್ಯನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಟಕ್ ಎನ್ನುವ ಕಲ್ಲನ್ನು ಹದವಾಯಿತೆಂದು ಹೇಳಿ, ನಾಳೆ ಮೀನು ಸತ್ತರೆ? ಉಪದೇಶ ಕೈತಪ್ಪುತ್ತದೆ. ಈ ವಯಸ್ಸಿನಲ್ಲಿ ಇನ್ನೂ ಆರು ವರ್ಷ ಕಾಯುವ ಶಕ್ತಿ ಅವನಲ್ಲಿರಲಿಲ್ಲ.

ಮರುದಿನ ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ ಕಲ್ಲಿನ ಮೇಲೆ ಸುರಿದ. ಒಂದು ಹಂಡೆ ಸಾಲದೆಂದು ಇನ್ನೊಂದು. ಆಮೇಲೆ ಒಂದೊಂದು ತೂತಿಗೂ ತಂತಿ ಹಾಕಿ ಕೆದಕಿದ.

ಸಿಕ್ಕಿದ್ದನ್ನೆಲ್ಲ ಬಾಳೆಎಲೆಯ ಮೇಲೆ ಸಾಲಾಗಿ ಜೋಡಿಸಿ, ಪಂಚನಾಮೆಗೆ ಕರೆದ ಹಾಗೆ ಅಕ್ಕನನ್ನು ಕರೆದ.

ಉಗುರಿನಷ್ಟು ಏಡಿ ಮೂರು. ಕೂದಲಿನಂಥ ಹುಳು ಹನ್ನೊಂದು. ಕಿರುಬೆರಳಿನ ಅರ್ಧದಷ್ಟು ಸಿಗಡಿ ಒಂದು. ಏಡಿ, ಸಿಗಡಿ ಬೆಂದು ಕೆಂಪಾಗಿದ್ದವು.

ಮಂಕಾಳಿಯೂ ಬಂದ. ಎರಡು ಮಳೆಗಾಲ ಕಾದು ಬೆಳೆಸಿದ ಕಲ್ಲು ಬಿಳುಚಿಕೊಂಡು ಕೂತಿತ್ತು. ಅವನ ಕಣ್ಣು ತುಂಬಿತು. ಬಗ್ಗಿ ಸಿಗಡಿಯನ್ನು ಅಂಗೈಗೆ ಎತ್ತಿಕೊಂಡ.

“ಸಾಕ್ಷಿ ಮುಟ್ಬೇಡ!” ಎಂದ ಬೊಮ್ಮಯ್ಯ.

“ಇದರಲ್ಲಿ ತಪ್ಪು ಮಾಡಿದ್ದು ಯಾವುದು?” ಎಂದು ಅಕ್ಕ ಕೇಳಿದರು.

“ಅದು ಗೊತ್ತಾಗ್ಲಿಲ್ಲ. ಆದರೆ ಎಲ್ಲಾ ಒಳಗೇ ಇದ್ದವಲ್ಲ.”

“ಈಗ ಒಳಗೆ ಎಂತ ಇದೆ?”

“ಏನೂ ಇಲ್ಲ. ನಾ ಗ್ಯಾರಂಟಿ ಕೊಡ್ತೆ. ಹದ ಆಯ್ತು, ಅಕ್ಕ.”

ಹೇಳಿಯೇಬಿಟ್ಟ. ಅಲ್ಲೇ ಮಂಡಿಯೂರಿ, ಬಲಗಿವಿಯ ಮೇಲಿನ ಕೂದಲು ಸರಿಸಿ, ಕಣ್ಣು ಮುಚ್ಚಿದ.

ಅಕ್ಕ ಬಗ್ಗಿದಾಗ ಸೀರೆ ಸರಿದ ಸದ್ದು ಕೇಳಿತು. ಪಿಸುಮಾತೂ ಕೇಳಿತು. ಆದರೆ ಒಂದಕ್ಷರವೂ ತಿಳಿಯಲಿಲ್ಲ. ಅವನು ಕಿವಿಯನ್ನು ಇನ್ನಷ್ಟು ಚಾಚಿದ. ಆಗಲೂ ತಿಳಿಯಲಿಲ್ಲ.

ಕಣ್ಣು ತೆರೆದ. ಅಕ್ಕ ಕಲ್ಲಿನ ಮುಂದೆ ಕೂತು, ಅದರ ಒಂದು ತೂತಿನ ಹತ್ತಿರ ಬಾಯಿಟ್ಟು, ಉಪದೇಶ ಹೇಳಿ ಮುಗಿಸುತ್ತಿದ್ದರು.

“ಅಕ್ಕ! ಅದು ನಂದು!” ಬೊಮ್ಮಯ್ಯನ ದನಿ ಒಡೆಯಿತು. “ಆರು ವರ್ಷ ಕಾದಿದ್ದೆ ನಾನು. ಅದಕ್ಕೆ ಎಂತ ಕೇಳ್ತದೆ? ಅದು ಸತ್ತ ಕಲ್ಲು!”

ಅಕ್ಕ ಸೆರಗಿನಿಂದ ಕಲ್ಲನ್ನು ಮೆಲ್ಲಗೆ ಒರೆಸಿದರು.

“ಎಂತ ಮಾಡ್ಲಿ, ಬೊಮ್ಮಯ್ಯ? ಇಡೀ ಆಶ್ರಮದಲ್ಲಿ ನಿನ್ನ ತಪಾಸಣೆಯಲ್ಲಿ ಪಾಸಾದ ಶಿಷ್ಯ ಇದೊಂದೇ.”