ಜೋಳಿಗೆಯ ಮೇಲಿನ ಬಟ್ಟೆ

ಉತ್ತರ ನೀವೇ ಊಹಿಸಿ ನೋಡಿ. ಒಬ್ಬ ಸ್ವಾಮಿಗಳು ತುಂಬಿದ ಜೋಳಿಗೆಯನ್ನು ಹೆಗಲಿಗೇರಿಸಿಕೊಂಡು ಒಂದು ಓಣಿಯನ್ನು ಹೊಕ್ಕರು. ಮುದುಕರಿಂದ ಹಿಡಿದು ಕಂಕುಳ ಕೂಸಿನವರೆಗೆ ಓಣಿಯ ಮಂದಿಯೆಲ್ಲ ಹೊರಗೆ ಬಂದು, ಭಿಕ್ಷೆ ನೀಡಲೆಂದು ಆ ಜೋಳಿಗೆಯೊಳಗೆ ಕೈ ಹಾಕಿದರು. ಸ್ವಾಮಿಗಳು ಓಣಿಯ ಆಚೆ ತುದಿಯಲ್ಲಿ ಹೊರಬಿದ್ದಾಗ ಜೋಳಿಗೆ ಬರಿದಾಗಿತ್ತು. ಏನು ನಡೆದಿರಬೇಕು? ಜೋಳಿಗೆ ಹರಿದಿತ್ತು ಎನ್ನುತ್ತೀರಾ? ಇಲ್ಲ, ಗಟ್ಟಿಯಾಗಿತ್ತು. ಪವಾಡ ಎನ್ನುತ್ತೀರಾ? ಆ ಸ್ವಾಮಿಗಳಿಗೆ, ನಮ್ಮ ಅಜ್ಜನವರಿಗೆ, ಪವಾಡದ ಮಾತೆತ್ತಿದರೇ ಆಗುತ್ತಿರಲಿಲ್ಲ. ಯೋಚಿಸುತ್ತಿರಿ, ನಾನು ಹೇಳುತ್ತಾ ಹೋಗುತ್ತೇನೆ. ಈ ಪ್ರಸಂಗ ಹೇಳುವುದೆಂದರೆ ನನಗೆ ಹಬ್ಬ. ಹೇಳುವಾಗಲೆಲ್ಲ ಮೈಯೆಲ್ಲ ಉರಿಯುವುದೂ ಉಂಟು. ಎರಡನ್ನೂ ಸಹಿಸಿಕೊಳ್ಳಬೇಕು.

ಹಿರೇನಾಗರಾಳದ ಪೂಜ್ಯ ಶ್ರೀ ಅಡವಯ್ಯ ಅಜ್ಜನವರ ಮಠವೆಂದರೆ ಹೆಸರಿಗೆ ಮಠ. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ. ಅಜ್ಜನವರು ಕಂಬಳಿಯ ಮೇಲೆ ಮಲಗುತ್ತಿದ್ದರು, ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ದಿನವೂ ಬೆಳಿಗ್ಗೆ ಜೋಳಿಗೆ ಹಿಡಿದು ಊರಾಡುವುದು ಆ ಮಠದ ಪದ್ಧತಿ. ಆ ಪದ್ಧತಿಗೆ ಒಂದು ವಿಶೇಷವಿತ್ತು. ಜೋಳಿಗೆಯ ಬಾಯಿಗೆ ಕಾವಿ ಬಟ್ಟೆ ಹೊದಿಸಿರುತ್ತಿತ್ತು. ಭಿಕ್ಷೆ ಹಾಕುವವರು ಬಟ್ಟೆಯ ಕೆಳಗೆ ಕೈ ತೂರಿಸಿ ಹಾಕಬೇಕು. ಮನೆಯಲ್ಲಿ ಎಷ್ಟು ಜನರೋ ಅಷ್ಟೂ ಜನ ಬಂದು ಹಾಕಬೇಕು. ಸಾವಕಾರನ ಬೊಗಸೆ, ಬಡವನ ಚಿಟಿಕೆ ಪಕ್ಕದವರಿಗೆ ಕಾಣಬಾರದೆಂದು ಹಿಂದಿನ ಗುರುಗಳು ಮಾಡಿಟ್ಟ ಕಟ್ಟಳೆ. ಜೋಳಿಗೆಯ ಬಾಯಿ ಬಿಚ್ಚಿ ಹಿಡಿಯಲು ಅಜ್ಜನವರ ಒಂದು ಕೈ ಯಾವಾಗಲೂ ಆ ಬಟ್ಟೆಯ ಒಳಗೇ ಇರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಊರು ನೇಕಾರರದು. ಕುಬಸದ ಖಣ ನೇಯುವ ಕುಣಿಮಗ್ಗಗಳು ಮನೆಗೊಂದು. ಮಗ್ಗ ನೇಕಾರನದು, ನೂಲು ಸಾವಕಾರನದು. ಸಾವಕಾರ ನೂಲು ಕೊಡಬೇಕು, ಇವರು ನೇಯ್ದು ಕೊಟ್ಟು ಮಜೂರಿ ತರಬೇಕು. ಆ ವರ್ಷ ಮುಂಗಾರಿನಲ್ಲಿ ನೂಲಿನ ದರ ಏರತೊಡಗಿತು. ಪೇಟೆಯ ದೊಡ್ಡ ಸಾವಕಾರ ಗುರುಸಂಗಪ್ಪ ಒಂದು ಮುಂಜಾನೆ ಅಂಗಡಿಗೆ ಬಂದ ನೇಕಾರರಿಗೆಲ್ಲ ನೂಲಿಲ್ಲ ಎಂದುಬಿಟ್ಟ. ಮುನ್ಸೂಚನೆಯಿಲ್ಲ, ಏನಿಲ್ಲ. ಹಿಂದಿನ ದಿನ ಮಜೂರಿ ಎಣಿಸಿಕೊಟ್ಟ ಅದೇ ಮನುಷ್ಯ! ಉಳಿದ ಸಾವಕಾರರೂ ಅವನನ್ನೇ ನೋಡಿ ಕೈ ಮುಚ್ಚಿದರು. ನೂಲು ಇಲ್ಲದೇ ಇರಲಿಲ್ಲ ಸ್ವಾಮಿ, ಗೋದಾಮಿನ ಸೂರು ಮುಟ್ಟುವಂತೆ ತುಂಬಿತ್ತು. ದರ ಇನ್ನೂ ಏರಲಿ ಎಂದು ಕೂತಿತ್ತು. ಮಗ್ಗದ ಸದ್ದಿಗೇ ಏಳುತ್ತಿದ್ದ ಊರು, ಮಗ್ಗದ ಸದ್ದಿಗೇ ಮಲಗುತ್ತಿದ್ದ ಊರು, ಸತ್ತವರ ಮನೆಯಂತಾಯಿತು.

ಇಷ್ಟಾದರೆ ಸಹಿಸಬಹುದಿತ್ತು. ನೇಕಾರರ ಓಣಿ ಹಸಿಯತೊಡಗಿದ ಮೇಲೆ ಅದೇ ಗುರುಸಂಗಪ್ಪನಿಗೆ ದಾನದ ಹುಕಿ ಬಂತು. ಮಠದ ಮುಂದಿನ ಬಯಲಿನಲ್ಲಿ ಚಪ್ಪರ ಹಾಕಿಸಿ, ಧ್ವನಿವರ್ಧಕ ಕಟ್ಟಿಸಿ, ನೇಕಾರರನ್ನು ಹೆಸರು ಹಿಡಿದು ಕೂಗಿ ಕರೆದು ಒಂದೊಂದು ಸೇರು ಜೋಳ ಅಳೆಸಿದ. ಬಾಗಲಕೋಟೆಯಿಂದ ಫೋಟೋದವನನ್ನೂ ಕರೆಸಿದ್ದ. ಉಡಿಯೊಡ್ಡಿ ನಿಂತ ಮುದುಕಿಯರಿಗೆ ಇತ್ತ ಮುಖ ತಿರುಗಿಸಿ ಎಂದು ಹೇಳಿಸಿದ. ತಂದೆಯ ಹೆಸರು, ತಾಯಿಯ ಹೆಸರು ಊರಿಗೆಲ್ಲ ಕೇಳುವಂತೆ ಭಿಕ್ಷುಕರ ಸಾಲಿನಲ್ಲಿ ಕೂಗಿಸಿಕೊಂಡ ಆ ಜನ ಮರುದಿನ ಬರಲಿಲ್ಲ. ಆಗ ಸಾವಕಾರ ಏನೆಂದ ಗೊತ್ತೇ? ಹಸಿವಿದ್ದರೆ ಬರುತ್ತಿದ್ದರು, ಇವರಿಗೆ ಸೊಕ್ಕು ಎಂದ. ಆ ಒಂದು ದಿನದ ದಾನಕ್ಕೆ ಕಲ್ಲು ಕೆತ್ತಿಸಿ, ಹೆಸರು ತಾರೀಖು ಸಮೇತ, ಮಠದ ಹೊರಗೋಡೆಗೆ ಹಚ್ಚಿಸಿದ. ಅಜ್ಜನವರು ಬೇಡವೆನ್ನಲಿಲ್ಲ. "ಹಚ್ಚಲಿ ಬಿಡ್ರಿ, ಗ್ವಾಡಿಗೂ ಒಂದು ಆಸರ ಆತು" ಎಂದರಂತೆ.

ದಾನದ ಬೆನ್ನ ಹಿಂದೆಯೇ ಅವನ ಆಳು ಓಣಿಯಲ್ಲಿ ಸುತ್ತುತ್ತಿದ್ದ. ಮಗ್ಗ ಕೊಡುತ್ತೀರೇನು, ಕಟ್ಟಿಗೆಯ ಬೆಲೆಗೆ ತೆಗೆದುಕೊಳ್ಳುತ್ತೇವೆ ಎಂದು. ನೂಲು ಮತ್ತೆ ಬಂದ ದಿನ ಮಗ್ಗಗಳೂ ಸಾವಕಾರನವೇ ಆಗಿರಬೇಕು, ನೇಕಾರ ಅವನ ಮನೆಯಲ್ಲಿ ಕೂತು ನೇಯುವ ಕೂಲಿಯಾಗಬೇಕು, ಇದು ಅವನ ಸಂಚು.

ಈಗ ನಾಗಪ್ಪ ಹಾಲಭಾವಿ ಬರುತ್ತಾನೆ. ಹಾಗೆ ಏಕವಚನ ಬಳಸುವುದು ಸಲುಗೆಯಿಂದ. ಅವನೇ ನನಗಿದನ್ನು ಕಟ್ಟೆಯ ಮೇಲೆ ಕೂತು ಹತ್ತಾರು ಸಲ ಹೇಳಿದವನು. ಓಣಿಯಲ್ಲೇ ನುರಿತ ಕೈ, ಓಣಿಯಲ್ಲೇ ಉದ್ದ ನಾಲಗೆ. ಮಠಕ್ಕೆ ಕಾಲಿಟ್ಟವನಲ್ಲ. ಕಾವಿ ಕಂಡರೆ "ಕುಂತು ಉಣ್ಣೂ ಮಂದಿ" ಎನ್ನುವುದು ಅವನ ರೂಢಿ. ಅಜ್ಜನವರು ಭಿಕ್ಷೆಗೆ ಬರುವ ಹೊತ್ತಿಗೆ ಬೇಕೆಂದೇ ಒಳಗೆ ಹೋಗಿ, ನೂಲಿಲ್ಲದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದ. ಹೆಂಡತಿ ಕಾಶವ್ವ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ ಕೈ ಹಾಕಿ ಬರುತ್ತಿದ್ದಳು. ಮನೆಯಲ್ಲಿ ಕಾಳಿಲ್ಲದಾಗ ಅದೇನು ಹಾಕಿ ಬರುತ್ತೀ ಎಂದು ಇವನು ಬೈಯುತ್ತಿದ್ದ. ಅವಳು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಬೀಸಲು ಜೋಳ ಎಲ್ಲಿಯದು ಎಂದರೆ ತವರಿನಿಂದ ನಮ್ಮಣ್ಣ ಕಳಿಸಿದ್ದು ಎನ್ನುತ್ತಿದ್ದಳು. ರೊಟ್ಟಿ ತೆಳುವಾಗಿದ್ದವು, ಒಮ್ಮೊಮ್ಮೆ ಅಂಬಲಿಯಷ್ಟೇ. ಆದರೂ ಒಲೆ ಒಂದು ದಿನವೂ ಆರಲಿಲ್ಲ. ನಾಗಪ್ಪ ರೊಟ್ಟಿ ಮುರಿಯುತ್ತಾ ಹೆಂಡತಿಯ ಅಣ್ಣನನ್ನು ದೇವರಂಥ ಮನುಷ್ಯ ಎಂದು ಹೊಗಳುತ್ತಿದ್ದ, ಅದೇ ತುತ್ತು ನುಂಗುವಷ್ಟರಲ್ಲಿ ಅಜ್ಜನವರನ್ನು ಬೈಯುತ್ತಿದ್ದ.

ಆದರೆ ರೊಟ್ಟಿಯೊಂದರಿಂದ ಸಂಸಾರ ನಡೆಯುವುದಿಲ್ಲವಲ್ಲ. ಎಣ್ಣೆ ಬೇಕು, ಉಪ್ಪು ಬೇಕು, ಕಿರಿಯ ಮಗಳಿಗೆ ಜ್ವರ ಬಂದು ಔಷಧ ಬೇಕಾಯಿತು. ಕೊನೆಗೆ ಒಂದು ದಿನ ನಾಗಪ್ಪ ಸಾವಕಾರನ ಆಳಿಗೆ ಹೂಂ ಎಂದ. ತಂದೆ ಕೂತು ನೇಯ್ದ ಮಗ್ಗ ಅದು. ಸೋಮವಾರ ಮಧ್ಯಾಹ್ನ ಬಂದು ಬಿಚ್ಚಿಕೊಂಡು ಹೋಗುತ್ತೇವೆ ಎಂದು ಆಳು ಹೇಳಿಹೋದ.

ಆ ಸೋಮವಾರ ಬೆಳಿಗ್ಗೆ ನಾಗಪ್ಪನಿಗೆ ಕುಣಿಯಲ್ಲಿ ಕೂರಲಾಗಲಿಲ್ಲ. ಹೊಸ್ತಿಲಿಗೆ ಬಂದು ನಿಂತ. ಅಜ್ಜನವರು ಪೇಟೆಯ ಸಾವಕಾರರ ಮನೆಗಳನ್ನೆಲ್ಲ ಮುಗಿಸಿಕೊಂಡು, ಭಾರಕ್ಕೆ ಒಂದು ಕಡೆ ವಾಲಿಕೊಂಡು ಓಣಿಯೊಳಗೆ ಬರುತ್ತಿದ್ದರು. ತುಂಬಿದ ಜೋಳಿಗೆ ಕಂಡದ್ದೇ ಇವನಿಗೆ ತಲೆ ಕೆಟ್ಟಿತು. ಓಣಿಗೆ ಓಣಿಯೇ ಹಸಿದಿರುವಾಗ ಹೊಟ್ಟೆಬಾಕ ಸ್ವಾಮಿಗೆ ಇದೂ ಸಾಲದೇ! ಎದುರು ಹೋಗಿ ದಾರಿಗಡ್ಡ ನಿಂತ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ನಾಚಿಕಿ ಇಲ್ಲೇನ್ರೀ ಅಜ್ಜಾರ? ಅಂವ ಸಾವಕಾರ ಕೂಗಿ ಕರದು ಮಾನ ಕಳದ. ನೀವು ಮನಿ ಬಾಗಿಲಿಗೇ ಬಂದು ಕಳೀತೀರಿ. ಅಂವ ಕೊಟ್ಟರ ಕೊಟ್ಟ, ನೀವು ಕಸಗೊಂಡು ಹೊಂಟೀರಿ."

ಅಜ್ಜನವರು ಜೋಳಿಗೆಯ ಬಾಯಿಯನ್ನು ಅವನತ್ತ ಹಿಡಿದರು. ಅದನ್ನು ಕಂಡು ಇವನ ಸಿಟ್ಟು ಏರಿತು. ನಮ್ಮ ಮನೆಯ ಭಿಕ್ಷೆಯನ್ನೂ ತೆಗೆದುಕೊಳ್ಳಿ ಎಂದವನೇ ಬರಿ ಮುಷ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಬೆರಳು ಬಿಚ್ಚಿ ತೋರಿಸಿ, ಬಟ್ಟೆಯ ಕೆಳಗೆ ತುರುಕಿದ.

ಒಳಗೆ ಅವನ ಕೈ ಮಣಿಕಟ್ಟಿನವರೆಗೆ ಜೋಳದಲ್ಲಿ ಇಳಿಯಿತು. ಹಿಂದೆಗೆಯುವಷ್ಟರಲ್ಲಿ ಅಜ್ಜನವರ ಕೈ ಅವನ ಕೈಯನ್ನು ಹಿಡಿಯಿತು. ಆ ಮುದಿ ಬೆರಳುಗಳು ಇವನ ಅಂಗೈ ತುಂಬ ಕಾಳು ತುಂಬಿ, ಒಂದೊಂದೇ ಬೆರಳನ್ನು ಮಡಚಿ ಮುಷ್ಟಿ ಮುಚ್ಚಿದವು. ಮೇಲೆ ಬಟ್ಟೆ ಅಲುಗಲಿಲ್ಲ. ಅಜ್ಜನವರು ಅವನಿಗಷ್ಟೇ ಕೇಳುವಂತೆ ಹೇಳಿದರು:

"ಖಾಲಿ ಕೈ ಹಾಕಿದ್ದಕ್ಕ ದೋಷ ಇಲ್ಲಪಾ. ಖಾಲಿ ಕೈ ತಗೀಬ್ಯಾಡ."

ನಾಗಪ್ಪ ಮುಷ್ಟಿ ಹೊರಗೆ ತೆಗೆದು ನಿಂತೇ ಇದ್ದ. ಅಜ್ಜನವರು ಪಕ್ಕದ ಮನೆಗೆ ಹೋದರು. ಆ ಮನೆಯ ಮುದುಕಿ ಕೈ ಹಾಕಿದಳು, ಮುಷ್ಟಿ ಬಿಗಿದು ತೆಗೆದಳು, ಸೆರಗಿನೊಳಗೆ ಸರಿಸಿಕೊಂಡಳು. ಮೊಮ್ಮಕ್ಕಳು ಕೈ ಹಾಕಿದರು, ಮುಷ್ಟಿ ಬಿಗಿದು ತೆಗೆದರು. ಅದರಾಚೆಯ ಮನೆ, ಅದರಾಚೆಯ ಮನೆ. ಕೊಡುವ ಮನೆಯಲ್ಲೂ ಬಟ್ಟೆಯ ಕೆಳಗೆ ಕೈ ಹೋಗುತ್ತದೆ, ಪಡೆಯುವ ಮನೆಯಲ್ಲೂ ಹೋಗುತ್ತದೆ. ಯಾವುದು ಯಾವುದೆಂದು ನೋಡುವವರಿಗೆ ಗೊತ್ತಾಗುವುದಿಲ್ಲ. ಇಡೀ ಓಣಿ ಶ್ರಾವಣವೆಲ್ಲ ಭಿಕ್ಷೆ ನೀಡುವವರ ಗೌರವದಿಂದ ಹೊಸ್ತಿಲಲ್ಲಿ ನಿಂತು ಉಂಡಿತ್ತು. ಹೌದು, ಊಹೆ ಸರಿಯಾಗಿದ್ದರೆ ನಿಮಗೆ ನನ್ನ ನಮಸ್ಕಾರ.

ನಾಗಪ್ಪ ತಿರುಗಿ ಕಾಶವ್ವನ ಮುಖ ನೋಡಿದ. ತವರಿನ ಜೋಳವೆಂದಿದ್ದೆಯಲ್ಲ ಎಂದು ಅವನು ಕೇಳುವ ಮೊದಲೇ ಅವಳೇ ಹೇಳಿದಳು:

"ನಮ್ಮಣ್ಣ ಸತ್ತರೂ ಒಂದು ಸೇರು ಬಿಚ್ಚಾಂವಲ್ಲ. ನೀವು ಬೈಕೋತ ತಿಂದದ್ದೆಲ್ಲಾ ಈ ಅಜ್ಜಾರದಽ ರೊಟ್ಟಿ."

ಇವನು ಓಡಿಹೋಗಿ ಓಣಿಯ ತುದಿಯಲ್ಲಿ ಅಜ್ಜನವರ ಪಾದ ಹಿಡಿದ. ಕಾಳಿನ ಮುಷ್ಟಿ ಹಾಗೆಯೇ ಬಿಗಿದಿತ್ತು. ಮಗಳ ಔಷಧಕ್ಕೆಂದು ಮಧ್ಯಾಹ್ನ ಮಗ್ಗ ಹೋಗುತ್ತದೆ ಎಂದ. ಆಗ ಮಾತ್ರ ಅಜ್ಜನವರ ಕಣ್ಣು ಕೆಂಪಾದವಂತೆ. ಅವರು ಸಿಟ್ಟಾದದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

"ನೂಲು ಇವತ್ತಿಲ್ಲ, ನಾಳಿ ಬರತೈತಿ. ಮಗ್ಗ ಹೋದರ ಬರೂದಿಲ್ಲ. ಹಸಿವಿಗೆ ಜೋಳಿಗಿ ಐತಿ, ಕೂಸಿನ ಔಷಧಕ್ಕ ಮಠ ಐತಿ. ಆಳಿಗೆ ಹೇಳು, ಮಗ್ಗ ಬೇಕಂದ್ರ ಮೊದಲು ನನ್ನ ಹೊತ್ತುಕೊಂಡು ಹೋಗಂತ."

ಹಾಗೆಂದು ಬರಿ ಜೋಳಿಗೆ ಹೊತ್ತು ಹಿಂದಕ್ಕೆ ಬಂದವರು ನಾಗಪ್ಪನ ಮನೆಯ ಮಗ್ಗದ ಪಕ್ಕದಲ್ಲಿ ಕಂಬಳಿ ಹಾಸಿ ಕೂತುಬಿಟ್ಟರು. ಮಧ್ಯಾಹ್ನ ಆಳು ಬಂದ, ಒಳಗೆ ಇಣುಕಿದ, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಹೋದ. ತುಂಬಿ ಹೋದ ಜೋಳಿಗೆ ಬರಿದಾಗಿದೆ ಎಂದು ಆಳಿನಿಂದ ಕೇಳಿ ಗುರುಸಂಗಪ್ಪನೇ ಬಂದು ಬಾಗಿಲಲ್ಲಿ ನಿಂತು, ತಾನು ಮಠಕ್ಕೆಂದು ಹಾಕಿದ ಜೋಳವನ್ನು ಸೊಕ್ಕಿನ ಮಂದಿಗೆ ಹಂಚಿದರೆ ಹೇಗೆ, ತನ್ನ ಹೆಸರಾದರೂ ಹೇಳಿ ಕೊಡಬೇಕಿತ್ತು ಎಂದು ತಕರಾರು ತೆಗೆದ. ಅಜ್ಜನವರು ಕೇಳಿದ್ದು ಒಂದೇ ಮಾತು: "ನಿನ್ನ ಕಾಳು ಯಾವು, ಆರಿಸಿ ಒಯ್ಯಪಾ." ಬರಿ ಜೋಳಿಗೆಯನ್ನು ಅವನ ಮುಂದೆ ಹಿಡಿದರು.

ಓಣಿಯ ಒಂದು ಮಗ್ಗವೂ ಹೋಗಲಿಲ್ಲ. ದಸರೆಯ ಹೊತ್ತಿಗೆ ದರ ಇಳಿಯಿತು, ಗೋದಾಮಿನ ನೂಲು ಹೊರಬಿತ್ತು, ಮಗ್ಗಗಳು ಮತ್ತೆ ಸದ್ದು ಮಾಡಿದವು. ನಾಗಪ್ಪ ಮೊದಲ ಮಜೂರಿಯಿಂದ ತನ್ನದೇ ಆದ ಒಂದಿಷ್ಟು ನೂಲು ಕೊಂಡು, ಖಣವಲ್ಲ, ಮೊಳದಗಲದ ಒಂದು ಕಾವಿ ಬಟ್ಟೆ ನೇಯ್ದ. ಬಿಸಿಲಿಗೆ ಹಿಡಿದರೂ ಆಚೆಯದು ಕಾಣದಷ್ಟು ದಟ್ಟ ನೇಯ್ಗೆ. ಅದನ್ನು ಅಜ್ಜನವರ ಜೋಳಿಗೆಯ ಬಾಯಿಗೆ ಹೊದಿಸಿದ. ಮುಂದಿನ ಶ್ರಾವಣದಿಂದ ಅಜ್ಜನವರು ಲಿಂಗೈಕ್ಯರಾಗುವವರೆಗೂ ಜೋಳಿಗೆ ಹೊತ್ತದ್ದು ನಾಗಪ್ಪನ ಹೆಗಲು. ಯಾರು ಹಾಕಿದರು, ಯಾರು ತೆಗೆದುಕೊಂಡರು ಎಂದು ನಾನೆಷ್ಟು ಕೆದಕಿದರೂ ಆ ಉದ್ದ ನಾಲಗೆಯವನು ಒಂದು ಹೆಸರನ್ನೂ ಹೇಳಲಿಲ್ಲ.

ಗುರುಸಂಗಪ್ಪನ ಕಲ್ಲು ಮಠದ ಗೋಡೆಯಲ್ಲಿ ಈಗಲೂ ಇದೆ. ಒಂದು ಸೇರು ಜೋಳ ಕೊಟ್ಟು ಮಾನ ಕಳೆದ ತಾರೀಖು ಮಳೆಗೂ ಅಳಿಯದಂತೆ ಅದರಲ್ಲಿ ಕೂತಿದೆ. ಹೋದಾಗಲೆಲ್ಲ ಓದಿ ಸಿಟ್ಟಾಗಿ ಬರುತ್ತೇನೆ. ನಾಗಪ್ಪ ಬರಿಗೈ ಹಾಕಿದ ದಿನಕ್ಕೆ ಯಾರೂ ಕಲ್ಲು ನೆಡಲಿಲ್ಲ. ಅಜ್ಜನವರು ನೆಡಗೊಡುತ್ತಲೂ ಇರಲಿಲ್ಲ. ಆದ್ದರಿಂದ ಅದನ್ನು ಇಲ್ಲಿ, ಈ ಕಾಗದದ ಮೇಲಾದರೂ ಬರೆದಿಡುತ್ತೇನೆ: ಆನಂದನಾಮ ಸಂವತ್ಸರದ ಶ್ರಾವಣ ಮಾಸ, ಕಡೆಯ ಸೋಮವಾರ, ೧೯೭೪ನೆಯ ಇಸವಿ ಆಗಸ್ಟ್ ಹನ್ನೆರಡು.