ತೀರ್ಪುಗಾರರನ್ನು ಹಂಚುತ್ತಿದ್ದವನು

"ಗುರುಗಳೇ, ಮಠದಲ್ಲಿ ಕೆಲಸ ಹಂಚುವ ಹೊಣೆ ನನ್ನದು. ನನ್ನ ತಮ್ಮನೂ ಇಲ್ಲೇ ಇದ್ದಾನೆ. ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ದಿನವೂ ಅವನಿಗೇ ಕೊಡುತ್ತೇನೆ. ಪಕ್ಷಪಾತವಿಲ್ಲದೆ ನಡೆಯುವುದೆಂದರೆ ಇದೇ ಅಲ್ಲವೇ?" ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ತಾಲ್ಲೂಕಿನಲ್ಲಿ ಒಬ್ಬ ದೈಹಿಕ ಶಿಕ್ಷಕನಿದ್ದ. ಹೈಸ್ಕೂಲು ಮಕ್ಕಳ ಖೋ ಖೋ ಪಂದ್ಯಗಳಿಗೆ ಯಾವ ತೀರ್ಪುಗಾರ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವವನು ಅವನೇ. ಅವನ ಮಗಳು ಒಂದು ಶಾಲೆಯ ತಂಡದಲ್ಲಿ ಆಡುತ್ತಿದ್ದಳು. ಯಾರೂ ತನ್ನತ್ತ ಬೆರಳು ತೋರಿಸಬಾರದೆಂದು, ಅವಳ ತಂಡದ ಪ್ರತಿ ಪಂದ್ಯಕ್ಕೂ ಅವನು ಯಾವಾಗಲೂ ಅದೇ ಒಬ್ಬ ತೀರ್ಪುಗಾರನನ್ನು ಕಳಿಸುತ್ತಿದ್ದ. ಆ ಮನುಷ್ಯ ಕೂದಲೆಳೆಯಷ್ಟು ತಪ್ಪಿಗೂ ಸೀಟಿ ಊದುವವನು. ಉಳಿದ ತೀರ್ಪುಗಾರರು ನೋಡಿಯೂ ಬಿಟ್ಟುಬಿಡುವ ಫೌಲುಗಳನ್ನು ಅವನು ಒಂದೂ ಬಿಡುತ್ತಿರಲಿಲ್ಲ.

ತಾಲ್ಲೂಕೆಲ್ಲ ಶಿಕ್ಷಕನನ್ನು ಹೊಗಳಿತು. ಸ್ವಂತ ಮಗಳೆಂದೂ ನೋಡದ ಮನುಷ್ಯ ಎಂದು ಒಬ್ಬ ಹೆಡ್‌ಮಾಸ್ತರರು ಸಭೆಯಲ್ಲೇ ಹೇಳಿದರು. ಕೇಳಿ ಅವನ ಎದೆ ಉಬ್ಬಿತು. ಮಗಳ ಆಟ ನೋಡಲು ಮಾತ್ರ ಅವನು ಒಮ್ಮೆಯೂ ಹೋಗಲಿಲ್ಲ. ಹೋದರೆ ಜನ ಏನಾದರೂ ಅಂದಾರು ಎಂಬ ಅಳುಕು. ಹೀಗೆ ಎರಡು ವರ್ಷ ಆ ತಂಡ ಫೈನಲ್ ಮುಟ್ಟಲಿಲ್ಲ.

ಮೂರನೆಯ ವರ್ಷ, ಪಂದ್ಯಗಳಿಗೆ ಮುಂಚೆ, ತಂಡದ ನಾಯಕಿ ಅವನ ಮನೆಬಾಗಿಲಿಗೆ ಬಂದಳು. ಹೂ ಮಾರುವವಳ ಮಗಳು. ಕೈಕಟ್ಟಿ ನಿಂತು ಕೇಳಿದಳು:

"ಸಾರ್, ತಂಡದಲ್ಲಿ ಹನ್ನೆರಡು ಜನ ಇದ್ದೀವಿ. ನಿಮ್ಮ ಮಗಳು ಒಬ್ಬಳೇ. ಮಿಕ್ಕ ಹನ್ನೊಂದು ಜನ ಏನು ತಪ್ಪು ಮಾಡಿದ್ದೀವಿ?"

ಶಿಕ್ಷಕ ನೋಡೋಣವೆಂದಷ್ಟೇ ಹೇಳಿ ಕಳಿಸಿದ. ಎರಡು ದಿನ ಹಳೆಯ ಪಂದ್ಯಗಳ ಪಟ್ಟಿ ತಿರುವಿಹಾಕಿದ. ಆಮೇಲೆ ಎಲ್ಲ ಶಾಲೆಯವರನ್ನೂ ಕರೆದ. ತಾನು ಮಾಡಿದ್ದು ತಪ್ಪೆಂದು ಒಪ್ಪಿಕೊಂಡು, ತೀರ್ಪುಗಾರರ ಹೆಸರು ಬರೆದ ಚೀಟಿಗಳನ್ನು ಒಂದು ಡಬ್ಬಿಗೆ ಹಾಕಿ ಅವರ ಮುಂದಿಟ್ಟ. ಇನ್ನು ಚೀಟಿ ಎತ್ತುವವರು ನೀವೇ, ನಾನು ಮುಟ್ಟುವುದಿಲ್ಲ ಎಂದ.

ಮಗಳ ತಂಡದ ಮೊದಲ ಪಂದ್ಯಕ್ಕೆ ಚೀಟಿ ಎತ್ತಿದರೆ ಬಂದದ್ದು ಅದೇ ಸೀಟಿಯವನ ಹೆಸರು. ಎಲ್ಲರೂ ನಕ್ಕರು. ಹುಡುಗಿಯರು ಎಲ್ಲರಿಗಿಂತ ಹೆಚ್ಚು ನಕ್ಕರು. ಅವನ ಸೀಟಿ ಅವರಿಗೆ ಅಭ್ಯಾಸವಾಗಿಹೋಗಿತ್ತು. ಆ ಪಂದ್ಯ ಗೆದ್ದರು. ಮುಂದಿನವಕ್ಕೆ ಬೇರೆ ಬೇರೆಯವರು ಬಂದರು. ಫೈನಲ್ ತನಕ ಹೋಗಿ, ಒಂದೇ ಒಂದು ಅಂಕದಿಂದ ಸೋತರು.

ಆ ದಿನ ಶಿಕ್ಷಕ ಅಂಕಣದ ಹಗ್ಗದ ಪಕ್ಕದಲ್ಲೇ ನಿಂತಿದ್ದ. ಹಂಚುವ ಕೆಲಸ ಕೈಬಿಟ್ಟ ಮೇಲೆ ಅವನಿಗೆ ಯಾರ ಅಂಜಿಕೆ? ಮಗಳ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಕಟ್ಟಿತು. ಆಟ ಮುಗಿದದ್ದೇ ಅವಳು ಮೈಯೆಲ್ಲ ಮಣ್ಣಾಗಿ ಓಡಿಬಂದಳು. "ಅಪ್ಪಾ, ಈ ಸಲ ನಾವು ಆಡಿ ಸೋತ್ವಿ" ಎಂದು ಅವನ ಕೈಹಿಡಿದು ಕುಣಿದಳು. ಹನ್ನೆರಡು ಜನವೂ ಟೆಂಪೋದಲ್ಲಿ ಊರು ಮುಟ್ಟುವವರೆಗೆ ಹಾಡಿದರು. ಶಿಕ್ಷಕ ಅವರ ನಡುವೆ ಇಕ್ಕಟ್ಟಿನಲ್ಲಿ ಕೂತು, ಕಟ್ಟಿದ ಗಂಟಲಲ್ಲೇ ದನಿಗೂಡಿಸಿದ.

ಕತೆ ಮುಗಿಸಿದ ಗುರುಗಳು ಶಿಷ್ಯನತ್ತ ತಿರುಗಿದರು. ಚನ್ನವೀರ ಇನ್ನೂ ನಗುತ್ತಿದ್ದ.

"ಮಗಳ ಪಕ್ಷ ವಹಿಸದಿದ್ದ ಆ ಎರಡು ವರ್ಷ ಅವನು ಯಾರ ಪಕ್ಷ ವಹಿಸಿದ್ದ, ಚನ್ನವೀರ?"

"ತನ್ನ ಒಳ್ಳೆಯ ಹೆಸರಿನ ಪಕ್ಷ, ಗುರುಗಳೇ" ಎಂದು ಚನ್ನವೀರ ತಲೆ ತಗ್ಗಿಸಿದ.