ಮಹಡಿ ಹತ್ತದ ಚಹಾ

ತಾಲ್ಲೂಕು ಕಚೇರಿಯ ಮೆಟ್ಟಿಲ ಕೆಳಗೆ ಹುಸೇನಬಿಯ ಚಹಾ ಅಂಗಡಿ. ಪೋಲಿಯೋದಿಂದ ಆಕೆಯ ಎರಡೂ ಕಾಲಿಗೆ ಬಲವಿರಲಿಲ್ಲ. ಅಂಗವಿಕಲರ ಪಿಂಚಣಿಗೆ ಅರ್ಜಿ ಕೊಟ್ಟರೆ, "ಮಹಡಿಗೆ ಖುದ್ದು ಬರಬೇಕು, ಅದು ನಿಯಮ" ಎಂದು ಮೇಲಿನ ತಹಶೀಲ್ದಾರ ಸಾಹೇಬರು ಜವಾನನ ಕೈಲಿ ಹೇಳಿ ಕಳಿಸಿದರು.

ಮರುದಿನ ಸಾಹೇಬರ ಚಹಾ ಒಯ್ಯಲು ಜವಾನ ಬಂದ.

"ಚಾ ಕುಡಿಯಾವ್ರು ಖುದ್ದ ಬರಬೇಕ್ರಿ. ನಮ್ಮಲ್ಲೂ ನಿಯಮ ಐತಿ" ಎಂದಳು.

ಚಹಾ ಇಲ್ಲದೆ ಹತ್ತಿದ ತಲೆನೋವು ತಾಳದೆ ಸಾಹೇಬರು ಸಿಡಿಮಿಡಿಗುಟ್ಟುತ್ತ ಇಳಿದು ಬಂದರು.

ಹುಸೇನಬಿ ಶುಂಠಿ ಚಹಾ ಕೈಗಿಟ್ಟಳು. "ನೀವೂ ಖುದ್ದ ಬಂದ್ರಿ, ನಾನೂ ಖುದ್ದ ಅದೀನಿ. ಇನ್ನೇನ್ ಬಾಕಿ ಐತ್ರಿ?"

ಸಾಹೇಬರು ಆಕೆಯ ಕಾಲು ನೋಡಿದರು, ಮೆಟ್ಟಿಲು ನೋಡಿದರು, ನಕ್ಕುಬಿಟ್ಟರು. ಅರ್ಜಿ ತರಿಸಿ ಅಲ್ಲೇ ಸಹಿ ಹಾಕಿದರು.

ಆಕೆ ಕೈಮುಗಿದಳು. "ನಿಮ್ಮ ಉಪಕಾರ ಮರೆಯಂಗಿಲ್ರಿ. ನಾಳಿಂದ ಚಾ ಮ್ಯಾಲೇ ಕಳಸ್ತೀನಿ."

"ಬ್ಯಾಡವ್ವ" ಎಂದರು ಸಾಹೇಬರು, ಬೆಂಚಿನ ಮೇಲೆ ಕೂರುತ್ತ. "ಮೆಟ್ಟಲ ಹತ್ತಲಾರದವ್ರು ಇನ್ನೂ ಭಾಳ ಮಂದಿ ಅದಾರ. ನಾಳೆನೂ ನಾನೇ ಇಳದು ಬರ್ತೀನಿ."